ನಾಲ್ಕು ಸೀರೆಯ ಹಾಸು

ಎರ್ರಮ್ಮ ಜೀವಮಾನದಲ್ಲಿ ಯಾರಿಗೂ ‘ಬೇಡ’ ಎಂದವಳಲ್ಲ. ಬೇಡವಾದದ್ದು ನಡೆಯದಂತೆ ನೋಡಿಕೊಳ್ಳುತ್ತಿದ್ದಳು, ಅಷ್ಟೆ. ಮಗ ಕೇಶವಯ್ಯ ಪವರ್‌ಲೂಮ್ ತರುತ್ತೇನೆಂದು ಕುಣಿದಾಗ ಅವಳು ಚಕಾರ ಎತ್ತಲಿಲ್ಲ. ಅದನ್ನು ಇಡಬೇಕೆಂದಿದ್ದ ಜಾಗದಲ್ಲಿ ಒಂದು ಎಮ್ಮೆ ತಂದು ಕಟ್ಟಿದಳು. ಎಮ್ಮೆ ಕರು ಹಾಕಿತು. ಕರು ದೊಡ್ಡದಾಗುತ್ತಾ ಹೋಯಿತು, ಪವರ್‌ಲೂಮಿನ ಮಾತು ಸಣ್ಣದಾಗುತ್ತಾ ಹೋಯಿತು.

ಸಾವಿರದ ಒಂಬೈನೂರ ಎಂಬತ್ತನಾಲ್ಕರ ಸಂಕ್ರಾಂತಿಯ ಹೊತ್ತಿಗೆ ಅವಳ ಮುಂದೆ ಎಮ್ಮೆಗೂ ಜಗ್ಗದ ಸಮಸ್ಯೆಯೊಂದು ಬಂದು ನಿಂತಿತು. ಮೊಮ್ಮಗಳು, ಕೇಶವಯ್ಯನ ಮಗಳು ಬನಶಂಕರಿಗೆ ಜಪಾನಿನಲ್ಲಿ ಓದಲು ಸೀಟು ಸಿಕ್ಕಿತ್ತು. ಹುಡುಗಿ ರೇಷ್ಮೆ ಹುಳುವಿನ ಮೇಲೆ ಎಂ.ಎಸ್ಸಿ. ಮಾಡಿದವಳು. ಖರ್ಚೆಲ್ಲ ಅಲ್ಲಿನ ಸರ್ಕಾರದ್ದು, ಎರಡು ವರ್ಷದ ಓದು, ಉಗಾದಿ ಕಳೆದ ವಾರವೇ ವಿಮಾನ. ಹಿಂದೂಪುರದ ನೇಕಾರರ ಬೀದಿಯಲ್ಲಿ ಅಲ್ಲಿಯವರೆಗೆ ಯಾರೂ ವಿಮಾನವನ್ನು ಹೊಟ್ಟೆಯ ಕಡೆಯಿಂದಲ್ಲದೆ ನೋಡಿರಲಿಲ್ಲ.

ಬೀದಿಗೆ ಬೀದಿಯೇ ಬುದ್ಧಿ ಹೇಳಲು ಬಂತು. ಮೂಲೆ ಹೋಟೆಲಿನ ಕದಿರಣ್ಣ, “ಅಲ್ಲಿ ಹಾವು ಹಲ್ಲಿ ಎಲ್ಲಾ ತಿಂತಾರಂತೆ ಕಣಮ್ಮ, ಒಂದು ಮೂಟೆ ಅವಲಕ್ಕಿ ಕಟ್ಕಂಡು ಹೋಗು” ಎಂದ. ಒಮ್ಮೆ ಬೊಂಬಾಯಿಗೆ ಹೋಗಿ ಬಂದಿದ್ದ ಪಾಪಯ್ಯ, “ಬೊಂಬಾಯಿ ದಾಟಿದ್ಮೇಲೆ ಯಾರ್ನೂ ನಂಬಬ್ಯಾಡ” ಎಂದ. ಬೊಂಬಾಯಿ ದಾಟಿದ ಮೇಲೆ ಇರುವುದು ಬರೀ ಸಮುದ್ರ, ಜಪಾನು ಇರುವುದು ಪೂರ್ವದ ಕಡೆ ಎಂದು ಅವನಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಎರ್ರಮ್ಮನ ಚಿಂತೆಯೇ ಬೇರೆಯಿತ್ತು. ಅವಳ ತಂಗಿ ಪದ್ಮಾವತಮ್ಮ ಮದುವೆಯಾಗಿ ಸೊಲ್ಲಾಪುರಕ್ಕೆ ಹೊರಟಾಗ “ಹೋಗ್ಬತ್ತೀನಿ ಅಕ್ಕ” ಎಂದಿದ್ದಳು. ಆಮೇಲೆ ಅವಳ ಮಗುವಿನ ಫೋಟೋ ಬಂತು, ಮೊಮ್ಮಗುವಿನ ಫೋಟೋ ಬಂತು, ಅವಳು ಬರಲಿಲ್ಲ. ರೈಲಿನಲ್ಲಿ ಹೋದವಳೇ ಬರಲಿಲ್ಲ, ಗಾಳಿಯಲ್ಲಿ ಹೋದವಳು ಬರುತ್ತಾಳೆಯೇ? ಎರ್ರಮ್ಮನ ಎದೆಯಲ್ಲಿದ್ದದ್ದು ಈ ಒಂದೇ ಪ್ರಶ್ನೆ. ಹುಡುಗಿ ಏನು ಓದುತ್ತಾಳೆ, ಏನು ತಿನ್ನುತ್ತಾಳೆ ಎಂಬುದೆಲ್ಲ ಅವಳಿಗೆ ಬೇಕಿರಲಿಲ್ಲ.

ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಮನೆ ಬಿಟ್ಟು ಹೊರಡುವ ಹೆಣ್ಣುಮಗಳು ತನ್ನ ಕೈಯಾರೆ ಒಂದು ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡಿದ ಎಳೆಯಷ್ಟನ್ನೂ, ನೇಯ್ದು ಮುಗಿಸಿ ಹೊರಡಬೇಕು. ಸಾಮಾನ್ಯವಾಗಿ ಒಂದೇ ಸೀರೆಗಾಗುವಷ್ಟು ಎಳೆ ಹಾಸುತ್ತಿದ್ದರು. ಅದನ್ನೇ ಉಟ್ಟು ಹೊರಟುಬಿಡುವುದು. ಸಂಕ್ರಾಂತಿಯ ಮಾರನೆಯ ದಿನ ಎರ್ರಮ್ಮ ಮೊಮ್ಮಗಳನ್ನು ಕರೆದು, “ಅಮ್ಮಣ್ಣಿ, ನಿಂದೂ ಒಂದು ಹಾಸು ಆಗ್ಬೇಕಲ್ಲ, ನಾನೇ ಮಗ್ಗಕ್ಕೇರಿಸಿವ್ನಿ” ಎಂದಳು. ಬನಶಂಕರಿ ಖುಷಿಯಿಂದ ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತು, ಹಿಂದಿನ ದಿಂಡಿನ ಮೇಲೆ ಸುತ್ತಿದ್ದ ಎಳೆಯನ್ನು ನೋಡಿದಳು. ಕುಂಬಳಕಾಯಿಯ ಗಾತ್ರ ಇತ್ತು.

“ಅಜ್ಜೀ, ಇದೆಷ್ಟು ಸೀರೆದು?”

“ಏನೋ ಕಣಮ್ಮ, ಒಂದು ನಾಲ್ಕಾಗಬೌದು. ಎಳೆ ಇತ್ತು, ಹಾಸ್ಬುಟ್ಟೆ. ವಯಸ್ಸಾಯ್ತು ನೋಡು, ಲೆಕ್ಕ ತಪ್ಪೋಯ್ತದೆ.”

ಎರ್ರಮ್ಮ ಎಳೆಯ ಲೆಕ್ಕ ತಪ್ಪಿದ್ದನ್ನು ಆ ಬೀದಿಯಲ್ಲಿ ಯಾರೂ ಕಂಡಿರಲಿಲ್ಲ. ನಾಲ್ಕು ರೇಷ್ಮೆ ಸೀರೆ ಎಂದರೆ ಬೇರೆ ಕೆಲಸವಿಲ್ಲದ ನೇಕಾರನಿಗೂ ಉಗಾದಿ ದಾಟುತ್ತದೆ. ಪಾಸ್‌ಪೋರ್ಟಿಗೆ, ಮದರಾಸಿಗೆ ಎಂದು ಓಡಾಡುವ ಹುಡುಗಿಯ ಗತಿ ಕೇಳುವುದೇ ಬೇಡ. ಬೇರೆಯವರನ್ನು ಕೂರಿಸೋಣವೆಂದರೆ ಅದೂ ಆಗದು. ಎಳೆ ಬಡಿಯುವ ಕೈಯ ಏಟು ಒಬ್ಬೊಬ್ಬರದು ಒಂದೊಂದು; ನಡುವೆ ಕೈ ಬದಲಾದರೆ ಬಟ್ಟೆಯ ಮೇಲೆ ಪಟ್ಟೆ ಎದ್ದು ಕಾಣುತ್ತದೆ. ಬನಶಂಕರಿ ಅಜ್ಜಿಯ ಮುಖ ನೋಡಿದಳು, ಮುಖ ಹಾಲು ಕುಡಿದಂತಿತ್ತು. ಹುಡುಗಿ ಸುಮ್ಮನೆ ಲಾಳಿ ಎತ್ತಿಕೊಂಡಳು.

ಶಿವರಾತ್ರಿಯ ಹೊತ್ತಿಗೆ ಎರಡನೆಯ ಸೀರೆಯ ಸೆರಗು ಬಂದಿತ್ತು. ಎರ್ರಮ್ಮನಿಗೆ ಸಣ್ಣಗೆ ಗಾಬರಿ ಶುರುವಾಯಿತು. ಈ ಹುಡುಗಿ ಮುಗಿಸಿಯೇಬಿಟ್ಟರೆ? ಅಷ್ಟರಲ್ಲಿ ಬನಶಂಕರಿಯೇ, ಕಲ್ಯಾಣದುರ್ಗದಲ್ಲಿ ಸೋಮಶೇಖರಪ್ಪ ಎಂಬ ರೇಷ್ಮೆ ಇಲಾಖೆಯ ರಿಟೈರ್ಡ್ ಆಫೀಸರ್ ಇದ್ದಾರೆ, ಹಿಂದೆ ಜಪಾನಿನಲ್ಲಿ ಒಂದು ವರ್ಷ ಟ್ರೈನಿಂಗ್ ಮಾಡಿ ಬಂದವರು, ಅವರನ್ನು ಕಂಡು ಬರಬೇಕಿತ್ತು, ಆದರೆ ಮಗ್ಗ ಬಿಟ್ಟು ಹೇಗೆ ಹೋಗಲಿ ಎಂದಳು.

“ಅಯ್ಯೋ, ತಿಳಿದೋರ ಮಾತು ಕೇಳ್ದೆ ಹೋದಾರಾ? ನಡಿ, ನಾನೂ ಬತ್ತೀನಿ. ಮಗ್ಗ ಎಲ್ಲಿಗೋಯ್ತದೆ?” ಎಂದಳು ಎರ್ರಮ್ಮ. ಮಗ್ಗ ಬಿಟ್ಟ ಒಂದೊಂದು ದಿನವೂ ಅವಳ ಪಾಲಿಗೆ ಲಾಭ.

ಸರ್ಕಾರಿ ಕೆಂಪು ಬಸ್ಸಿಗೆ ಆ ಕಡೆ ತೆಲುಗಿನಲ್ಲಿ ‘ಎರ್ರ ಬಸ್ಸು’ ಎನ್ನುತ್ತಾರೆ. ಎರ್ರಮ್ಮ ಹತ್ತಿದ ಮೇಲೆ ಅದು ಹೆಸರಿಗೆ ತಕ್ಕಂತೆ ಅವಳದೇ ಬಸ್ಸಾಯಿತು. ದಾರಿಯಲ್ಲಿ ಎರಡು ಕಡೆ ಎಲೆಅಡಿಕೆಗೆಂದು ನಿಲ್ಲಿಸಿದಳು. ಕಂಡಕ್ಟರು, “ಅವ್ವಾ, ಇದಿ ನೀ ಎದ್ದುಲಬಂಡಿ ಕಾದು” ಎಂದ, ಇದು ನಿನ್ನ ಎತ್ತಿನ ಗಾಡಿಯಲ್ಲ ಎಂದು. “ಎತ್ತಾದ್ರೆ ಹೇಳಿದ್ ಮಾತು ಕೇಳ್ತಿತ್ತು ಕಣಪ್ಪ” ಎಂದಳು ಎರ್ರಮ್ಮ.

ಸೋಮಶೇಖರಪ್ಪ ವಿಭೂತಿ ಹಚ್ಚಿದ ಹಣೆಯ, ದೊಡ್ಡ ಹೊಟ್ಟೆಯ ಮನುಷ್ಯ. ಹೆಂಡತಿ ಭ್ರಮರಾಂಬ ಮಜ್ಜಿಗೆ ತಂದಿಡುವಷ್ಟರಲ್ಲೇ ಅವರೊಳಗಿನ ಜಪಾನು ಎದ್ದು ಕೂತಿತು.

“ನೋಡಮ್ಮ, ಮೊದಲನೇದು ಚಪ್ಪಲಿ. ಲೇಸ್ ಕಟ್ಟೋ ಶೂ ತಗಳ್ಳೇಬೇಡ. ಎಲ್ಲಿ ಹೋದ್ರೂ ಬಾಗಿಲಲ್ಲಿ ಬಿಚ್ಚಬೇಕು. ನಾನು ಲೇಸ್ ಬಿಚ್ಚಾಕೆ ಬಗ್ಗಿದ್ರೆ, ನಮಸ್ಕಾರ ಮಾಡ್ತಾವ್ನೆ ಅಂದ್ಕಂಡು ಮನೆಯೋರೂ ಬಗ್ಗೋರು. ನಾನು ಏಳಂಗಿಲ್ಲ, ಅವ್ರು ಏಳಂಗಿಲ್ಲ.” ಹೊಟ್ಟೆ ಅಡ್ಡ ಬಂದರೂ ಅವರು ಬಗ್ಗಿ ತೋರಿಸಿದರು. ಎರ್ರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಹೊರಗೆ ಚಪ್ಪಲಿ ಬಿಡ್ತಾರಾ? ನೆಲದ ಮೇಲೆ ಕೂರ್ತಾರಾ?”

“ಕೂತ್ಕಂಡು ಅನ್ನನೇ ಉಣ್ತಾರೆ ಅವ್ವಾ. ಸಾರಿಲ್ಲ, ಅಷ್ಟೇ ಬಾಧೆ. ಅದಕ್ಕೇ ಖಾರದಪುಡಿ, ಇಂಗು, ಹುಣಿಸೆಹಣ್ಣು ಡಬ್ಬಿಯಲ್ಲಿ ಭದ್ರ ಮಾಡ್ಕೋ ತಾಯಿ. ಹಸಿ ಹಣ್ಣು, ಬೀಜ, ಹುಳದ ಮೊಟ್ಟೆ ಮುಟ್ಟಬೇಡ, ಏರ್‌ಪೋರ್ಟಲ್ಲೇ ಕಿತ್ಕಂತಾರೆ. ಕಾಗದಪತ್ರಕ್ಕೆಲ್ಲ ಜೆರಾಕ್ಸ್ ಮಾಡ್ಸಿ ಒಂದು ಜೊತೆ ಮನೇಲಿ ಬಿಡು. ಪಾಠ ಅರ್ಥ ಆಗ್ದಿದ್ರೆ ತಲೆ ಆಡಿಸಬೇಡ. ನಮ್ಮ ತಲೆ ಅಡ್ಡಡ್ಡ ಆಡ್ತದೆ, ಅವರಿಗೆ ಹೂಂ ಅನ್ನೋದೋ ಉಹೂಂ ಅನ್ನೋದೋ ಗೊತ್ತಾಗಲ್ಲ. ತಿಳೀಲಿಲ್ಲ ಅಂತ ಬಾಯಿಬಿಟ್ಟು ಹೇಳು, ನಾಚಿಕೋಬೇಡ. ಮೊದಲ ತಿಂಗಳು ಅಳು ಬತ್ತದೆ. ಬಂದ್ರೆ ರೂಮಲ್ಲಿ ಮುಸುಕು ಹಾಕ್ಕಂಡು ಮಲಗಬೇಡ, ಎದ್ದು ತರಕಾರಿ ಮಾರ್ಕೆಟ್ಟಿಗೆ ಹೋಗು. ಬದನೆಕಾಯಿ ಕಂಡ್ರೆ ಊರು ಕಂಡಂಗಾಯ್ತದೆ.”

ಆಮೇಲೆ ಅವರು ಬೆನ್ನು ನೇರ ಮಾಡಿ, ಕಣ್ಣು ಕಿರಿದು ಮಾಡಿ ತಮ್ಮ ಪ್ರೊಫೆಸರ್ ಆದರು. ಹಲ್ಲಿನ ಸಂದಿಯಿಂದ ಸ್‌ಸ್‌ಸ್ ಎಂದು ಗಾಳಿ ಎಳೆದುಕೊಂಡು, ತಲೆ ಓರೆ ಮಾಡಿ, “ಸ್ವಲ್ಪ... ಕಷ್ಟ” ಎಂದರು. “ಇದನ್ನ ಕಲ್ತ್ಕೋ. ಅವರು ಯಾವತ್ತೂ ಬೇಡ ಅನ್ನಲ್ಲ. ಹಿಂಗೆ ಗಾಳಿ ಎಳೆದ್ರು ಅಂದ್ರೆ ಆಗಲ್ಲ ಅಂತ. ನನಗಿದು ತಿಳಿಯೋಕೆ ಆರು ತಿಂಗಳು ಬೇಕಾಯ್ತು.”

“ನನಗೆ ಬೇಕಾಗಲ್ಲ ಸಾರ್, ಅಭ್ಯಾಸ ಐತೆ” ಎಂದಳು ಬನಶಂಕರಿ. “ನಮ್ಮನೇಲೂ ಹಂಗೇ.”

ಎರ್ರಮ್ಮ ಮಜ್ಜಿಗೆ ಲೋಟದೊಳಗೆ ಏನೋ ಬಿದ್ದಂತೆ ದಿಟ್ಟಿಸಿದಳು. ಹುಡುಗಿಗೆ ಗೊತ್ತು. ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ನೇಯುತ್ತಿದ್ದಳು. ಇನ್ನು ಮುಚ್ಚಿಡುವುದೇನು ಎಂದು ಎರ್ರಮ್ಮ ಲೋಟ ಕೆಳಗಿಟ್ಟು, ಬಂದಾಗಿನಿಂದ ನಾಲಿಗೆಯ ತುದಿಯಲ್ಲಿದ್ದದ್ದನ್ನು ಕೇಳಿಯೇಬಿಟ್ಟಳು.

“ಅದೆಲ್ಲಾ ಇರ್ಲಿ ಕಣಪ್ಪ. ಹೋದೋರು ವಾಪಸ್ ಬತ್ತಾರಾ?”

ಸೋಮಶೇಖರಪ್ಪನ ಮುಖದಿಂದ ಪ್ರೊಫೆಸರ್ ಇಳಿದುಹೋದ. “ಸುಳ್ಳು ಹೇಳಲ್ಲ ಅವ್ವಾ. ನನ್ನ ಜೊತೆ ಹೋದೋರಲ್ಲಿ ಒಬ್ಬ ಅಲ್ಲೇ ಉಳಿದ. ನನಗೂ ಇರು ಅಂದ್ರು, ಒಳ್ಳೆ ಕೆಲಸ ಕೊಡ್ತೀವಿ ಅಂದ್ರು.”

“ಮತ್ಯಾಕ್ ಬಂದೆ?”

ಉತ್ತರ ಅಡುಗೆಮನೆಯಿಂದ ಬಂತು. “ಬಾವಿಗೋಸ್ಕರ” ಎಂದು ಭ್ರಮರಾಂಬ ಸೌಟು ಹಿಡಿದೇ ಹೊರಬಂದರು. “ಹಿತ್ತಲಲ್ಲಿ ಬಾವಿ ತೋಡಿಸ್ತಿದ್ರು ಅವ್ವಾ, ಅರ್ಧಕ್ಕೆ ಬಿಟ್ಟು ಹೊರಟ್ಹೋದ್ರು. ವರ್ಷ ಪೂರ್ತಿ ಅದಕ್ಕೆ ಬಿದ್ದ ಊರಿನ ಆಡುಗಳನ್ನ ಎತ್ತಿದ್ದೇ ನನ್ನ ಕೆಲಸ.”

“ನಿಜ” ಎಂದರು ಸೋಮಶೇಖರಪ್ಪ. “ಅವರು ಕೆಲಸ ಕೊಡ್ತೀವಿ ಅಂದಾಗ ನನ್ನ ಕಣ್ಮುಂದೆ ಬಂದಿದ್ದು ಹೆಂಡ್ತಿ ಅಲ್ಲ, ಮಕ್ಕಳಲ್ಲ, ಆ ಬಾವಿ. ಇನ್ನೊಂದು ಆಳುದ್ದ ತೋಡಿದ್ರೆ ನೀರು ಬರ್ತಿತ್ತಾ, ಬರ್ತಿರ್ಲಿಲ್ವಾ? ನಿದ್ದೆ ಹತ್ತಲಿಲ್ಲ. ಬಂದ್ಬುಟ್ಟೆ.”

“ನೀರು ಬಂತಾ?”

“ಬಂತು. ಉಪ್ಪು.”

ಎಲ್ಲರೂ ನಕ್ಕರು. ಬನಶಂಕರಿ ಮಾತ್ರ ನಗದೆ ಹಿತ್ತಲ ಬಾಗಿಲ ಕಡೆ ನೋಡುತ್ತಿದ್ದುದನ್ನು ಎರ್ರಮ್ಮ ಗಮನಿಸಿದಳು. ಯಾಕೆಂದು ಆಗ ತಿಳಿಯಲಿಲ್ಲ.

ಊರಿಗೆ ಬಂದ ಮೇಲೆ ಒಂದು ವಿಚಿತ್ರ ನಡೆಯಿತು. ಕುತ್ತಿಗೆಯ ಮೇಲೆ ಕತ್ತಿ ಇದ್ದಂತೆ ನೇಯುತ್ತಿದ್ದ ಹುಡುಗಿ ಆರಾಮಾಗಿ ನೇಯತೊಡಗಿದಳು. ಊಟಕ್ಕೆ ಕರೆದರೆ ಎದ್ದಳು, ನಿದ್ದೆ ಬಂದರೆ ಮಲಗಿದಳು. ಮೂರನೆಯ ಸೀರೆ ಮುಗಿದಾಗ ಉಗಾದಿಯ ಮಾವಿನ ತೋರಣ ಬಾಗಿಲಲ್ಲಿ ಒಣಗುತ್ತಿತ್ತು. ನಾಲ್ಕನೆಯದು ಒಂದು ಗೇಣು ಬಂದಿತ್ತು, ಅಷ್ಟೆ.

ಗೆದ್ದೆ ಎಂದುಕೊಂಡಳು ಎರ್ರಮ್ಮ. ಗೆದ್ದ ಸುಖ ಮಾತ್ರ ಎಲ್ಲೂ ಕಾಣಲಿಲ್ಲ. ಹುಡುಗಿ ಅತ್ತಿದ್ದರೆ, ಜಗಳ ಆಡಿದ್ದರೆ ಸಮಾಧಾನವಿತ್ತು. ಅವಳು ಹಾಡಿಕೊಂಡು ಪೆಟ್ಟಿಗೆ ತುಂಬುತ್ತಿದ್ದಳು.

ಹೊರಡುವ ಹಿಂದಿನ ಸಂಜೆ ಬನಶಂಕರಿ ಮಗ್ಗದಿಂದ ಎದ್ದು, ನೇಯ್ದ ಗೇಣಿನ ಮೇಲೂ ಎಳೆಗಳ ಮೇಲೂ ತನ್ನ ಹಳೆಯ ಸೀರೆ ಹೊದಿಸಿದಳು. ಲಾಳಿಯನ್ನು ಒರೆಸಿ ಅಜ್ಜಿಯ ಅಂಗೈಯಲ್ಲಿಟ್ಟಳು.

“ಮುಗೀಲಿಲ್ಲ ಅಜ್ಜಿ.”

“ಹಂಗಾದ್ರೆ...” ಎಂದು ಎರ್ರಮ್ಮ ಶುರುಮಾಡಿದಳು. ‘ಮುಗಿಸಿಯೇ ಹೋಗು’ ಎಂಬುದು ಎಷ್ಟೋ ದಿನದಿಂದ ಕಾಯ್ದಿಟ್ಟಿದ್ದ ಮಾತು.

“ಹಂಗಾದ್ರೆ ನಾನು ಬರಲೇಬೇಕಲ್ಲ” ಎಂದಳು ಹುಡುಗಿ. “ನನ್ನ ಕೈ ಏಟಿನ ಬಟ್ಟೆ. ಬೇರೆಯೋರು ಕೂತ್ರೆ ಪಟ್ಟೆ ಬೀಳ್ತದೆ ಅಂತ ನೀನೇ ಹೇಳಿಕೊಟ್ಟಿದ್ದು. ಮುಗಿಸಿ ಹೋದೋರು ಎಲ್ಲಾದ್ರೂ ಇರಬೌದು. ಚಿಕ್ಕಜ್ಜಿ ಮುಗಿಸಿ ತಾನೇ ಹೋದ್ಳು ಸೊಲ್ಲಾಪುರಕ್ಕೆ?”

ಎರ್ರಮ್ಮ ಲಾಳಿಯನ್ನೇ ನೋಡಿದಳು. ಪದ್ಮಾವತಮ್ಮ ಮುಗಿಸಿಯೇ ಹೋಗಿದ್ದಳು. ಬೇಗ ಮುಗಿಸೆಂದು ಪಕ್ಕದಲ್ಲಿ ಕೂತು ನೂಲು ಸುತ್ತಿಕೊಟ್ಟವಳು ಎರ್ರಮ್ಮನೇ. ಚೆನ್ನಾಗಿತ್ತು ಆ ಸೀರೆ, ಗಿಳಿಹಸಿರು. ಒಂದೆಳೆಯೂ ಮಗ್ಗದ ಮೇಲೆ ಉಳಿದಿರಲಿಲ್ಲ.

ಬೆಳಿಗ್ಗೆ ಬೀದಿಯೆಲ್ಲ ಬಸ್‌ಸ್ಟ್ಯಾಂಡಿಗೆ ಹೊರಟಿತು. ಎರ್ರಮ್ಮ ಹೊರಡಲಿಲ್ಲ. ಮಗ್ಗದ ಪಕ್ಕ ಒಂದು ಕೋಲು ಹಿಡಿದು ಕೂತಿದ್ದಳು.

“ಇಲಿ ಕಾಟ ಕಣಮ್ಮ. ಎಳೆ ಕಡಿದಾಕ್ತವೆ, ನಾನು ಏಳಂಗಿಲ್ಲ. ನೀನು ಹೊಂಡು.” ಬನಶಂಕರಿ ಬಗ್ಗಿ ಕಾಲು ಮುಟ್ಟಿದಾಗ ತಲೆಯ ಮೇಲೆ ಕೈಯಿಟ್ಟು, ಬಿಡದೆ ಅಲ್ಲೇ ಇಟ್ಟುಕೊಂಡಳು. “ಬಾಳ ದಿನ ಆದ್ರೆ ರೇಷ್ಮೆ ಬಣ್ಣ ಕುಂದ್ತದೆ. ತಿಳೀತಾ? ಖಾರದಪುಡಿ ಇಟ್ಕಂಡಾ?”

“ಇಟ್ಕಂಡೆ ಅಜ್ಜಿ.”

ಬಸ್ಸು ಹತ್ತಿಸಿ ಬಂದ ಕೇಶವಯ್ಯ ಜಗಲಿಯಲ್ಲಿ ಕಣ್ಣೊರೆಸಿಕೊಂಡ. ಆಮೇಲೆ ಒಳಗೆ ಬಂದು ಮಗ್ಗ ನೋಡಿದ. ಎಷ್ಟಾದರೂ ನೇಕಾರ.

“ಅವ್ವಾ, ಎರಡು ವರ್ಷ ಒಂದು ಮಗ್ಗ ಸುಮ್ಕೆ ನಿಲ್ಸೋದಾ? ಪಟ್ಟೆ ಬಿದ್ರೆ ಬೀಳ್ಲಿ, ಕೂಲಿ ನೇಯೋ ಪೋತಪ್ಪನ್ನ ಕೂರಿಸಿ ಮುಗಿಸ್ಬುಡಾನ.”

ಎರ್ರಮ್ಮ ಬೆನ್ನು ನೇರ ಮಾಡಿದಳು. ಕಣ್ಣು ಕಿರಿದು ಮಾಡಿದಳು. ಉಳಿದಿದ್ದ ನಾಲ್ಕು ಹಲ್ಲಿನ ಸಂದಿಯಿಂದ ಸ್‌ಸ್‌ಸ್ ಎಂದು ಗಾಳಿ ಎಳೆದುಕೊಂಡು, ತಲೆ ಓರೆ ಮಾಡಿದಳು.

“ಸ್ವಲ್ಪ ಕಷ್ಟ ಕಣಪ್ಪ” ಎಂದಳು.