ತಪ್ಪು ಹೊತ್ತ ಹೋಕಾಯಂತ್ರ

ನಾನು ಒಂದು ದಿಕ್ಸೂಚಿ. ಭಟ್ಕಳದ ಮೀನುಗಾರರ ಬಾಯಲ್ಲಿ ಹೋಕಾಯಂತ್ರ. ಮುಂಬಯಿಯ ಸಣ್ಣ ಕಾರ್ಖಾನೆಯೊಂದರಲ್ಲಿ ಹಿತ್ತಾಳೆಯ ಬಟ್ಟಲೊಳಗೆ ಕಾಂತದ ಮುಳ್ಳು ಕೂರಿಸಿ, ಗಾಜು ಮುಚ್ಚಿದ ದಿನ ಹುಟ್ಟಿದೆ. ಮುಳ್ಳು ಒಮ್ಮೆ ನಡುಗಿ ಉತ್ತರಕ್ಕೆ ನಿಂತಿತು. ಬೇರೆ ವಿದ್ಯೆ ನನಗೆ ಬಾರದು.

ಮೊದಲು ಸರಕಿನ ಹಡಗೊಂದರಲ್ಲಿದ್ದೆ. ಅದನ್ನು ಒಡೆದು ಮಾರಿದಾಗ ತಿಪ್ಪಯ್ಯ ಖಾರ್ವಿ ನನ್ನನ್ನು ಕೊಂಡು, ತನ್ನ ಮರದ ಬೋಟಿನ ಚುಕ್ಕಾಣಿಯ ಮುಂದೆ ಕೂರಿಸಿದ. ಬೋಟು ನಡೆಸುವ ತಾಂಡೇಲ ಅವನೇ. ದಡ ಕಾಣದಾದಾಗ ಬಗ್ಗಿ ನನ್ನ ಮುಖ ನೋಡುತ್ತಿದ್ದ. ಹನ್ನೊಂದು ವರ್ಷ ಹಾಗೆ ನಂಬಿದ.

ಹನ್ನೊಂದನೆಯ ವರ್ಷ ಅವನ ತಮ್ಮ ಜಟ್ಟಪ್ಪ ಕ್ಯಾಬಿನ್ನಿನ ಮೇಲೆ ದೊಡ್ಡ ದೀಪವೊಂದನ್ನು ಕಟ್ಟಿದ. ಬ್ಯಾಟರಿಯಿಂದ ಹೊರಟ ತಂತಿಯನ್ನು ನನ್ನ ಪೆಟ್ಟಿಗೆಯ ತಳಕ್ಕೆ ಕಪ್ಪು ಟೇಪಿನಿಂದ ಅಂಟಿಸಿಯೇ ಮುಂದಕ್ಕೆಳೆದ.

"ಇನ್ನು ಮಂಜಿಗೆ ಹೆದರಬೇಕಾಗಿಲ್ಲ ಅಣ್ಣ" ಎಂದ.

ತಂತಿಯಲ್ಲಿ ವಿದ್ಯುತ್ ಹರಿದರೆ ಅದರ ಸುತ್ತ ಕಾಂತದ್ದೇ ಸೆಳೆತ ಹುಟ್ಟುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ಇಬ್ಬರಿಗೂ ಗೊತ್ತಿರಲಿಲ್ಲ.

ಪುಷ್ಯ ಮಾಸದ ಒಂದು ಬೆಳಗ್ಗೆ ಮೀನು ತುಂಬಿಕೊಂಡು ಉತ್ತರಕ್ಕೆ, ಊರಿನತ್ತ ಬರುತ್ತಿದ್ದೆವು. ಮಂಜು ಬಿತ್ತು. ಜಟ್ಟಪ್ಪ ದೀಪ ಹಾಕಿ, ನೀರು ನೋಡಲು ಬೋಟಿನ ಮೂತಿಗೆ ಹೋಗಿ ನಿಂತ. ತಳದಿಂದ ಯಾರೋ ಹಿಡಿದೆಳೆದಂತೆ ನನ್ನ ಮುಳ್ಳು ಪೂರ್ವಕ್ಕೆ, ಬಂಡೆಗಳಿದ್ದ ದಡದ ಕಡೆಗೆ ಸರಿಯಿತು. ತಿರುಗಿ ಬರಲು ಹೆಣಗಿದೆ, ಆಗಲಿಲ್ಲ. ತಿಪ್ಪಯ್ಯ ನನ್ನ ಮುಖ ನೋಡಿ, ಅದೇ ಉತ್ತರವೆಂದು ನಂಬಿ ಚುಕ್ಕಾಣಿ ತಿರುಗಿಸಿದ. ಅಲೆ ಒಡೆಯುವ ಸದ್ದು ಹತ್ತಿರವಾಗುತ್ತಿತ್ತು.

"ಅಣ್ಣ, ಇಲ್ಲಿ ಆಳ ಇಲ್ಲ..." ಜಟ್ಟಪ್ಪನ ಮಾತು ಮುಗಿಯುವ ಮೊದಲೇ ಮೂತಿ ಬಂಡೆಗೆ ಬಡಿದು ಸೀಳಿತು. ನೀರಿಗೆ ಬಿದ್ದ ಅವನು ಮತ್ತೆ ಸಿಗಲಿಲ್ಲ.

ಒಡೆದ ಬೋಟನ್ನು ಬೇರೆಯವರು ಎಳೆತಂದು ಮರಳ ಮೇಲೆ ಹತ್ತಿಸಿದರು. ಮೂರನೆಯ ದಿನ ತಿಪ್ಪಯ್ಯ ಒಬ್ಬನೇ ಬಂದು ನನ್ನ ಮುಂದೆ ಕೂತ. ಏನೋ ನೆನಪಾಗಿ ದೀಪದ ಸ್ವಿಚ್ಚು ಒತ್ತಿದ. ನಾನು ಸರಿದೆ. ಆರಿಸಿದ. ಉತ್ತರಕ್ಕೆ ಮರಳಿದೆ. ನಾಲ್ಕು ಸಲ ಹಾಗೆ ಮಾಡಿದ. ಆಮೇಲೆ ಬಗ್ಗಿ ನನ್ನ ಪೆಟ್ಟಿಗೆಯ ತಳದ ತಂತಿಯನ್ನು ಬೆರಳಿನಿಂದ ಮುಟ್ಟಿ ನೋಡಿದ.

ಜಟ್ಟಪ್ಪನ ಹೆಂಡತಿ ದೇವಕಿ ಬಂದು ಕ್ಯಾಬಿನ್ನಿನ ಬಾಗಿಲಲ್ಲಿ ನಿಂತಿದ್ದಳು.

"ಭಾವ, ನಿಮಗೆ ಗೊತ್ತಿರೋ ದಾರಿ. ಬಂಡೆ ಕಡೆಗೆ ಹ್ಯಾಗೆ ಹೋದ್ರಿ?"

ತಂತಿಗೆ ಜಟ್ಟಪ್ಪ ಅಂಟಿಸಿದ್ದ ಕಪ್ಪು ಟೇಪನ್ನೇ ತಿಪ್ಪಯ್ಯ ನೋಡುತ್ತಿದ್ದ.

"ಹೋಕಾಯಂತ್ರ ಕೆಟ್ಟಿತ್ತು, ದೇವಕಿ. ನನಗೆ ಗೊತ್ತಾಗಲಿಲ್ಲ."

ಈಗ ಬಲೆ ಇಡುವ ಕೋಣೆಯಲ್ಲಿದ್ದೇನೆ. ಕೆಟ್ಟದ್ದೆಂದು ಯಾರೂ ಮುಟ್ಟುವುದಿಲ್ಲ. ಹೊಸ ಬೋಟು ಕಂಡರೆ ತಿಪ್ಪಯ್ಯ ಹತ್ತಿ ನೋಡುತ್ತಾನೆ. ಹೋಕಾಯಂತ್ರದ ಹತ್ತಿರದ ತಂತಿ ಬಿಚ್ಚಿಸುತ್ತಾನೆ. ಯಾಕೆಂದು ಹೇಳುವುದಿಲ್ಲ; ಹೇಳಿದರೆ ತಂತಿ ಎಳೆದ ತಮ್ಮನ ಹೆಸರು ಬರುತ್ತದೆ. ಆ ಮನೆಯಲ್ಲಿ ತಪ್ಪು ಯಾರ ತಲೆಯ ಮೇಲಾದರೂ ಬೀಳಲೇಬೇಕಿತ್ತು. ನನ್ನ ಮೇಲೆ ಬಿದ್ದದ್ದೇ ಒಳ್ಳೆಯದಾಯಿತು.