ಹೊರಗಾದ ದಿನದ ಹಾಲು

ಅಂಜಮ್ಮ ಕೆಚ್ಚಲು ತೊಳೆದು ಕುಕ್ಕರಗಾಲಲ್ಲಿ ಕೂತರೆ ಸಾಕು, ಕೆಂಪಿ ಮೆಲುಕು ಹಾಕುತ್ತ ತಾನಾಗಿ ಹಾಲು ಇಳಿಸುತ್ತಿತ್ತು. ಬೇರೆ ಕೈ ಅದಕ್ಕೆ ಒಗ್ಗಿರಲಿಲ್ಲ. ಗಂಡ ಧರ್ಮರಾಜು ಆ ಹಾಲನ್ನು ಸಂಘದ ಟೆಂಪೋಗೆ ಏರಿಸುತ್ತಿದ್ದ. ಕನಕಪುರ ರಸ್ತೆಯಾಚೆಯ ಆ ಊರಿನ ಗಂಡಸರೂ ಹೆಂಗಸರೂ ಕೂಡಿ ಕಟ್ಟಿದ ಹಾಲಿನ ಸಂಘ ಅದು. ಹೋದ ವರ್ಷವಷ್ಟೇ ಗಾಂಧಿ ಬಜಾರಿನಲ್ಲಿ ಸ್ವಂತ ಅಂಗಡಿ ಇಟ್ಟಿತ್ತು. ಅಲ್ಲಿ ಅಳೆದು ಕೊಡುವವಳೂ ಅಂಜಮ್ಮನೇ.

ಆದರೆ ತಿಂಗಳಲ್ಲಿ ಮೂರು ದಿನ ಅವಳು ಹಿತ್ತಿಲ ಚಪ್ಪರದಡಿ ಕೂರಬೇಕು; ಕೊಟ್ಟಿಗೆಗೆ ಕಾಲಿಡುವಂತಿಲ್ಲ. ಆ ದಿನಗಳಲ್ಲಿ ಧರ್ಮರಾಜು ಕರೆಯಲು ಕೂತರೆ ಕೆಂಪಿ ಒದೆಯುತ್ತಿತ್ತು. ಅರ್ಧ ಹಾಲು ಒಳಗೇ ಉಳಿಯುತ್ತಿತ್ತು. ಹಿಂದಿನ ತಿಂಗಳು ಹಾಗೇ ಆಗಿ ಕೆಚ್ಚಲು ಬಾತು, ಒಂದು ಮೊಲೆ ಬತ್ತಿಹೋಯಿತು. ಹಾಲು ಉಳಿದದ್ದೇ ಕಾರಣ, ಇನ್ನೊಮ್ಮೆ ಹೀಗಾದರೆ ಹಸು ಕೈತಪ್ಪೀತು ಎಂದು ಪಶುವೈದ್ಯರು ಹೇಳಿ ಹೋದರು. ಅತ್ತೆ ದೊಡ್ಡಮುನಿಯಮ್ಮ ಒಪ್ಪಲಿಲ್ಲ. ಸೊಸೆಯ ನೆರಳು ಬಿದ್ದದ್ದೇ ಕಾರಣವೆಂದು ಬೀದಿಗೆಲ್ಲ ಸಾರಿದಳು.

ಈ ಸಲ ಎರಡನೇ ದಿನ ಮುಂಜಾನೆ ಕೆಂಪಿ ಗೂಟ ಜಗ್ಗಿ ಒರಲತೊಡಗಿತು. ಧರ್ಮರಾಜು ಒದೆ ತಿಂದು ಖಾಲಿ ಚೊಂಬು ಹಿಡಿದು ಹೊರಬಂದ. ಅಂಜಮ್ಮ ಚಪ್ಪರದಡಿಯಿಂದ ಎದ್ದು ಕೈತೊಳೆದಳು.

ದೊಡ್ಡಮುನಿಯಮ್ಮ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತಳು. "ನಮ್ಮತ್ತೆ ಕಾಲದಿಂದ ನಡ್ಕೊಂಡು ಬಂದೈತೆ. ನೀನೊಬ್ಳು ಬುದ್ವಂತೆ ಹುಟ್ಬಿಟ್ಯಾ?"

"ನಿಮ್ ಕಾಲದಲ್ಲಿ ಎಷ್ಟು ಹಸ ಹಿಂಗೆ ಹೋದ್ವು ಅತ್ತೆ?"

ಮುದುಕಿ ಬಾಗಿಲು ಬಿಡಲಿಲ್ಲ. ಅಂಜಮ್ಮ ಪಕ್ಕದಿಂದ ನುಸುಳಿ ಒಳಗೆ ಹೋದಳು. ಕೆಂಪಿ ಅವಳ ಹೆಗಲು ಮೂಸಿ ನಿಂತಿತು. ಕೆಚ್ಚಲು ಹಗುರಾಗುವವರೆಗೂ ಕರೆದಳು. ಆಮೇಲೆ ಕ್ಯಾನು ತಾನೇ ಎತ್ತಿಕೊಂಡು ಟೆಂಪೋ ಹತ್ತಿದಳು; ಧರ್ಮರಾಜುವೂ ಹಿಂದೆಯೇ ಹತ್ತಿದ.

ಸುದ್ದಿ ಫೋನಿನಲ್ಲಿ ಅವಳಿಗಿಂತ ಮೊದಲೇ ಗಾಂಧಿ ಬಜಾರು ಮುಟ್ಟಿತ್ತು. ಸಂಘದ ಹಿರಿಯ ಅಪ್ಪಯ್ಯ ಅಂಗಡಿಯ ಮುಂದೆಯೇ ನಿಂತಿದ್ದ. ಆ ಕ್ಯಾನು ಬೇರೆ ಇಡು, ಮಿಕ್ಕಿದ್ದಕ್ಕೆ ಮೈಲಿಗೆ ಮಾಡಬೇಡ ಎಂದು ತಗ್ಗಿದ ದನಿಯಲ್ಲಿ ಹೇಳಿದ. ಪಾತ್ರೆ ಹಿಡಿದು ಬಂದಿದ್ದ ಎನ್.ಆರ್. ಕಾಲೋನಿಯ ಗಿರಾಕಿಗಳು ಕಿವಿ ನಿಮಿರಿಸಿದರು.

ಅಂಜಮ್ಮ ದನಿ ತಗ್ಗಿಸಲಿಲ್ಲ. "ಅಪ್ಪಯ್ಯಣ್ಣ, ಸಂಘದಲ್ಲಿ ಇಷ್ಟು ಜನ ಹೆಂಗಸ್ರು ಇದೀವಿ. ದಿನಾ ಒಬ್ಬರಲ್ಲ ಒಬ್ಬರು ಹೊರಗೇ. ಅವ್ರೆಲ್ಲಾ ಕೂತ್ಕೊಂಡ್ರೆ ನಿಮ್ಮಂಗ್ಡಿ ಯಾವತ್ತು ತೆಗೀತೀರಾ?"

ಟೆಂಪೋದ ಮಿಕ್ಕ ಕ್ಯಾನುಗಳನ್ನು ದೊಡ್ಡ ಪಾತ್ರೆಗೆ ಸುರಿಯುತ್ತಿದ್ದ ಇಬ್ಬರು ಹೆಂಗಸರು ಸೆರಗು ಬಾಯಿಗೊತ್ತಿ ನಕ್ಕರು. ಅಪ್ಪಯ್ಯ ಧರ್ಮರಾಜುವಿನ ಕಡೆ ತಿರುಗಿ, "ನೀನಾದ್ರೂ ಹೇಳಪ್ಪಾ ನಿನ್ ಹೆಂಡ್ತಿಗೆ," ಎಂದ.

ಧರ್ಮರಾಜು ಹೆಂಡತಿಯ ಕ್ಯಾನು ಎತ್ತಿ, ಊರಿನವರೆಲ್ಲರ ಹಾಲು ಸುರಿದಿದ್ದ ದೊಡ್ಡ ಪಾತ್ರೆಗೆ ಕೊನೆಯ ಹನಿಯವರೆಗೂ ಬಗ್ಗಿಸಿದ. ಇನ್ನು ಯಾರ ಹಾಲು ಯಾವುದೆಂದು ಬೇರ್ಪಡಿಸುವಂತಿರಲಿಲ್ಲ.

ಗಿರಾಕಿಯೊಬ್ಬರು ಪಾತ್ರೆ ಸೆರಗಿನಡಿ ಮುಚ್ಚಿಕೊಂಡು ಹೊರಟುಹೋದರು. ಅಂಜಮ್ಮ ಅವರನ್ನು ಕೂಗಿ ಕರೆಯಲಿಲ್ಲ. ಅಳತೆಯ ಲೋಟ ಕೈಗೆತ್ತಿಕೊಂಡು, ತಲೆಯೆತ್ತಿ, ಮುಂದೆ ನಿಂತವರನ್ನು ಕೇಳಿದಳು: "ಎಷ್ಟು ಹಾಕ್ಲಿ ಅಮ್ಮಾ?"