ಐದನೆಯ ಭಾನುವಾರ

ಸಾವಿರದ ಒಂಬೈನೂರ ಐವತ್ತನಾಲ್ಕರ ಜುಲೈಯಲ್ಲಿ ಬೇಗೂರಿನ ಹದಿನಾಲ್ಕು ಕ್ರೈಸ್ತ ಮನೆಗಳ ಮುಂದೆ ಬಂದು ನಿಂತ ಅತ್ಯಂತ ಗಂಭೀರ ಪ್ರಶ್ನೆಯೆಂದರೆ, ಮೀನಿನ ಕಥೆಯನ್ನು ಈ ವರ್ಷವೂ ಎರಡು ಸಲ ಕೇಳಬೇಕೇ ಎಂಬುದು.

ಸುವಿಶೇಷದ ಪುಸ್ತಕದಲ್ಲಿ ಯಾವ ಭಾನುವಾರಕ್ಕೆ ಯಾವ ಪಾಠವೆಂದು ಗೊತ್ತಾಗಿರುತ್ತದೆ. ಅದು ವರ್ಷವರ್ಷವೂ ಬದಲಾಗುವುದಿಲ್ಲ. ಪೆಂತೆಕೊಸ್ತ್ ಹಬ್ಬ ಕಳೆದ ನಾಲ್ಕನೆಯ ಭಾನುವಾರ ಬಲೆ ತುಂಬ ಮೀನು. ಐದನೆಯದಕ್ಕೆ, ಸಹೋದರನೊಡನೆ ರಾಜಿಯಾಗದೆ ಕಾಣಿಕೆ ತರಬೇಡ ಎಂಬ ಮಾತು. ಚಾಮರಾಜನಗರದ ಪಾದ್ರಿ ಸ್ವಾಮಿಗಳು ತಿಂಗಳಿಗೊಮ್ಮೆ ಬಂದು ಪೂಜೆ ಮಾಡುತ್ತಿದ್ದರು. ಉಳಿದ ವಾರಗಳಲ್ಲಿ ಉಪದೇಶಿ ಇನ್ನಾಸಪ್ಪ ಪಾಠ ಓದಿ, ಅರ್ಧ ಗಂಟೆ ಅದರ ಅರ್ಥ ಹೇಳುತ್ತಿದ್ದ. ಮೂರು ವರ್ಷದಿಂದ ಅವನು ಐದನೆಯ ಭಾನುವಾರವೂ ಮೀನನ್ನೇ ಓದಿದ್ದ.

ಕಾರಣ ಎಲ್ಲರಿಗೂ ಗೊತ್ತಿತ್ತು. ಐವತ್ತೊಂದರ ಸುಗ್ಗಿಯಲ್ಲಿ ಮೋಡ ಕಂಡು ಅವನ ಅಣ್ಣ ರಾಯಪ್ಪ, ದುಡಿಮೆ ಕೂಡದ ಭಾನುವಾರವೇ ರಾಗಿ ಕಣ ಮಾಡಿದ್ದ. ತಮ್ಮನೇ ಸ್ವಾಮಿಗಳಿಗೆ ವರದಿ ಒಪ್ಪಿಸಿದ. ಶಿಕ್ಷೆಯೆಂದು ರಾಯಪ್ಪ ಮೂರು ಭಾನುವಾರ ಗುಡಿಯ ಬಾಗಿಲಲ್ಲಿ ಮಂಡಿಯೂರಿದ. ನಾಲ್ಕನೆಯದಕ್ಕೆ ಬರಲಿಲ್ಲ. ಆಮೇಲೆ ಗುಡಿಯೂ ಇಲ್ಲ, ತಮ್ಮನೊಡನೆ ಮಾತೂ ಇಲ್ಲ.

ಈ ಸಲದ ಐದನೆಯ ಭಾನುವಾರ ಇನ್ನಾಸಪ್ಪ ಪುಸ್ತಕ ಬಿಡಿಸಿ ಮತ್ತೆ ಮೀನಿನ ಕಥೆಯ ದೋಣಿಯನ್ನು ನೀರಿಗಿಳಿಸುತ್ತಿದ್ದಂತೆ ಮುದುಕಿ ಆರೋಗ್ಯಮ್ಮ ಕೂತಲ್ಲಿಂದಲೇ ಅಂದಳು: "ಕಳ್ದ ವಾರ ಸ್ವಾಮ್ಯೋರೇ ಮೀನು ಇಡುದ್ರಲ್ಲಪ್ಪ. ಮುಂದ್ಕೋಗು."

"ಸುಮ್ಕಿರಮ್ಮೋ," ಎಂದ ಚೌರಪ್ಪ. "ಮೀನು ಅಂದ್ರೆ ಅವ್ನ್ಗೆ ಆಸೆ."

"ನೀ ಬಾಯ್ಮುಚ್ಚಲಾ. ಇನ್ನಾಸಿ, ನಿಮ್ಮಣ್ಣ ಇವತ್ತು ಅನ್ನೊಂದ್ರ ಬಸ್ಸಿಗೆ ನೀಲಗಿರಿ ಟೀ ತೋಟುಕ್ಕೆ ಓಯ್ತಾವ್ನೆ. ಒಲ ಮಾರ್ಬುಟ್ಟ. ಇನ್ನು ಬರಕಿಲ್ವಂತೆ. ಗೊತ್ತಾ?"

ಗೊತ್ತಿತ್ತು. ಅವನು ಹಾಳೆ ತಿರುವಿದ. ಸಹೋದರನ ಮನಸ್ಸು ನೊಂದಿರುವುದು ನೆನಪಾದರೆ ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಅವನ ಬಳಿ ಹೋಗಬೇಕು ಎಂಬಲ್ಲಿಯವರೆಗೆ ಒಂದೇ ದನಿಯಲ್ಲಿ ಓದಿದ. ಅರ್ಥ ಹೇಳಲು ಬಾಯಿ ತೆರೆದ. ಹಾಗೇ ಮುಚ್ಚಿ, ಪುಸ್ತಕವನ್ನು ಸ್ಟೂಲಿನ ಮೇಲಿಟ್ಟು ಹೊರಗೆ ನಡೆದ. ಉಪದೇಶಿಯೇ ಎದ್ದು ಹೋದರೆ ಜನ ಏನು ಮಾಡಬೇಕೆಂಬ ನಿಯಮವಿರಲಿಲ್ಲ. ಅವರು ಕೂತೇ ಇದ್ದರು.

ರಸ್ತೆಯ ಬದಿಯ ಹುಣಸೆಮರದ ಕೆಳಗೆ ರಾಯಪ್ಪ ಟ್ರಂಕಿನ ಮೇಲೆ ಕೂತಿದ್ದ. ಹೆಂಡತಿ ಮೂಟೆಗಳ ನಡುವೆ ಮುಖ ತಿರುಗಿಸಿಕೊಂಡಳು.

"ಅಣ್ಣಯ್ಯ," ಎಂದ ಇನ್ನಾಸಪ್ಪ.

ರಾಯಪ್ಪ ಅವನ ಬಿಳಿ ಜುಬ್ಬ ನೋಡಿದ. "ಪಾಠ ಓದ್ಬುಟ್ಟು ಬಂದ್ಯಾ, ನೀನಾಗೇ ಬಂದ್ಯಾ?"

"ಓದ್ಬುಟ್ಟು."

"ದಿಟ ಏಳ್ದೆ ಬುಡು." ದಾಟಿ ಹೋಗುತ್ತಿದ್ದ ಗಾಡಿಗೆಂದು ರಾಯಪ್ಪ ಕಾಲು ಹಿಂದಕ್ಕೆಳೆದುಕೊಂಡ. "ಮಂಡಿ ಊರಿದ್ದು ನೋಯ್ಲಿಲ್ಲ ಕಣ್ಲಾ. ಮೂರ್ ವಾರದಲ್ಲಿ ಒಂದ್ಸಲಾನೂ ನೀ ತಲೆ ಎತ್ತಿ ನನ್ ಕಡೆ ನೋಡ್ಲಿಲ್ಲ. ಓದ್ತಾನೇ ಇದ್ದೆ."

"ನೋಡಿದ್ರೆ ಓದಕ್ಕಾಯ್ತಿರ್ಲಿಲ್ಲ."

ರಾಯಪ್ಪ ತಮ್ಮನನ್ನು ಬಹಳ ಹೊತ್ತು ನೋಡಿದ. ಆಮೇಲೆ ಟ್ರಂಕಿನ ಒಂದು ತುದಿಗೆ ಸರಿದ.

"ಕೂತ್ಕೊ. ಬಸ್ಸಿಗಿನ್ನೂ ಒತ್ತು ಅದೆ. ಅರ್ಥ ಏಳಿ ಮುಗ್ಸುದ್ಯಾ?"

"ಇಲ್ಲ."

"ಒಳ್ಳೇದಾಯ್ತು ಬುಡು. ಜನ ಬದುಕ್ಕಂಡ್ರು."

ಹೆಂಡತಿ ಚೊಂಬಿನಲ್ಲಿ ನೀರು ಕೊಟ್ಟಳು. ಮೊದಲು ಅಣ್ಣ ಕುಡಿದ, ಉಳಿದದ್ದನ್ನು ತಮ್ಮ ಕುಡಿದ. ಇಬ್ಬರೂ ರಸ್ತೆ ನೋಡುತ್ತ ಕೂತರು. ಬಸ್ಸು ಇಪ್ಪತ್ತು ನಿಮಿಷ ತಡವಾಗಿ ಬಂತು. ಇನ್ನಾಸಪ್ಪ ಟ್ರಂಕನ್ನು ಮೇಲಕ್ಕೆ ಹಾಕಿಸಿದ. ರಾಯಪ್ಪ ನೀಲಗಿರಿಗೆ ಹೋದ.